ಹತ್ತಿ ರೋಲಿನ ಸುತ್ತಳತೆ

ನವೆಂಬರ್ 4, ಸೋಮವಾರ

ಇವತ್ತೂ ಅದೇ. ಕಸ, ಚಹಾ, ಅವ್ವನ ಸೂಜಿಗೆ ದಾರ ಪೋಣಿಸುವುದು. ಕನ್ನಡ ಎಂ.ಎ. ಮಾಡಿದವಳ ಸದ್ಯದ ಉದ್ಯೋಗ. ಅರ್ಜಿ ಹಾಕಿದ ಮುಧೋಳದ ಕಾಲೇಜಿನಿಂದ ಫೋನ್ ಇಲ್ಲ.

ಮಧ್ಯಾಹ್ನ ಜಮಖಂಡಿಯಿಂದ ಬನಹಟ್ಟಿಯ ನಮ್ಮ ಮನೆಗೆ ಟಂಟಂ ಗಾಡಿ ಬಂತು. ಅಲ್ಲಿಯ ಕೌದಿ ಅಂಗಡಿಯ ಜ್ಞಾನೇಶ್ವರ ಕಾಕಾ ಮೂರು ಹತ್ತಿ ರೋಲ್ ಕಳಿಸಿದ್ದಾರೆ. ಕೌದಿಯ ಎರಡು ಬಟ್ಟೆಗಳ ನಡುವೆ ಹಾಸುವ ಮೆತ್ತನೆಯ ಬಿಳಿ ಹಾಳೆ. ಹೆಸರಿಗೆ ಹತ್ತಿ, ಹೊಲ ಕಂಡದ್ದಲ್ಲ, ಫ್ಯಾಕ್ಟರಿಯದು. ಮೊದಲೆಲ್ಲ ಅವ್ವ ಹಳೆಯ ಸೀರೆಗಳನ್ನೇ ಒಂದರ ಮೇಲೊಂದು ಹಾಸಿ ಹೊಲಿಯುತ್ತಿದ್ದಳು. ಈಗ ಕಾಕಾನ ಅಂಗಡಿಗೆ ಬರುವವರಿಗೆ ಉಬ್ಬಿದ ಕೌದಿಯೇ ಬೇಕು. ಬಟ್ಟೆ, ಹತ್ತಿ ಅವರದು. ಹೊಲಿಗೆ ನಮ್ಮದು.

ಇಡುವುದೆಲ್ಲಿ? ಹಿಂದೆ ಕೈಮಗ್ಗ ಇದ್ದ ಕೋಣೆಯೇ ಈಗ ಹೊಲಿಗೆ ಕೋಣೆ. ಮೆಷಿನ್, ಬಟ್ಟೆ ಗಂಟು, ನನ್ನ ಪುಸ್ತಕದ ಡಬ್ಬಿಗಳು... ಕಾಲಿಡಲು ಜಾಗವಿಲ್ಲ. ಎರಡು ರೋಲ್ ಬಾಗಿಲ ಬಳಿ ನಿಂತವು. ಒಂದನ್ನು ಒಳಗಿನ ಗೋಡೆಗೆ ಮಲಗಿಸಿದೆವು. ನೆಲದಲ್ಲಿಟ್ಟರೆ ಗೆದ್ದಲು ಎಂದು ಡಬ್ಬಿಗಳನ್ನು ಅದರ ಮೇಲೆ ಏರಿಸಿದೆ.

ಅಪ್ಪ ಸಂಜೆ ಪವರ್‌ಲೂಮ್‌ನಿಂದ ಬಂದವನೇ ಒಂದೊಂದು ರೋಲಿಗೂ ದಾರ ಸುತ್ತಿ, ಸುತ್ತು ಮುಗಿದಲ್ಲಿ ಗಂಟು ಹಾಕಿ, ಮೂರೂ ದಾರ ಮೊಳೆಗೆ ತೂಗುಹಾಕಿದ.

"ಮಂದಿ ಮಾಲು. ಅಳತಿ ಇರಬೇಕು."

ನೇಕಾರನ ಲೆಕ್ಕ. ಮಗ್ಗದ ಬೀಮಿಗೆ ಸುತ್ತಿದ ನೂಲಿನ ದಪ್ಪ ನೋಡಿ ಇನ್ನೆಷ್ಟು ಸೀರೆ ಬರುತ್ತದೆ ಎಂದು ಹೇಳಿಬಿಡುತ್ತಾನೆ. ತಪ್ಪಿದ್ದನ್ನು ನಾನು ಕಂಡಿಲ್ಲ.

ನವೆಂಬರ್ 10, ಭಾನುವಾರ

ವೈನಿ ಬಾಗಿಲು ಹಾಕಿಕೊಂಡು ಏನು ಮಾಡುತ್ತಾಳೆ?

ಅಣ್ಣ ಚಿದಾನಂದನ ಮದುವೆಯಾಗಿ ಆರು ತಿಂಗಳು. ಅವನು ಬೀಳಗಿಯಲ್ಲಿ ಸೊಸೈಟಿ ನೌಕರ, ಶನಿವಾರ ರಾತ್ರಿ ಬಂದು ಸೋಮವಾರ ಹೋಗುತ್ತಾನೆ. ಉಳಿದ ದಿನ ಕಾವ್ಯ ವೈನಿ ನಮ್ಮೊಂದಿಗೆ. ಲೋಕಾಪುರದವಳು. ಕೆಲಸ ಚುರುಕು, ಮಾತು ಇನ್ನೂ ಚುರುಕು. ಅವಳ ಎದುರು ನನಗೆ ಬಾಯಿ ಬರುವುದಿಲ್ಲ. ಹಾಗಾಗಿ ನೋಡುತ್ತೇನೆ.

ನೋಡಿದ್ದು: ಅವ್ವ ಮಧ್ಯಾಹ್ನ ಮಲಗಿದ ಮೇಲೆ ವೈನಿ ಹೊಲಿಗೆ ಕೋಣೆಯ ಬಾಗಿಲು ಹಾಕುತ್ತಾಳೆ. ಹೊರಬಂದಾಗ ಸೆರಗಿನ ಮೇಲೆ ಬಿಳಿ ಎಳೆಗಳು. ಕೇಳಿದರೆ, "ಬಾಗಲಾ ತಗದ್ರ ಗಾಳಿಗೆ ಹತ್ತಿ ಮನಿತುಂಬ ಹಾರತೈತಿ, ಮಾರಾಯ್ತಿ!" ಉತ್ತರ ಕೇಳುವ ಮೊದಲೇ ಸಿದ್ಧವಿದ್ದಂತೆ ಇತ್ತು.

ಇವತ್ತು ಅವಳ ತಮ್ಮ ಮುತ್ತಪ್ಪ ಬಂದಿದ್ದ. ಬರುವಾಗ ಚೀಲದಲ್ಲಿ ಶೇಂಗಾ ಚಟ್ನಿಯ ಡಬ್ಬಿ, ನಾಲ್ಕು ರೊಟ್ಟಿ ಗಂಟು. ಹೋಗುವಾಗ ಅದೇ ಚೀಲ ಕುಂಬಳಕಾಯಿಯ ಹಾಗೆ ಉಬ್ಬಿತ್ತು. ಆದರೂ ಕಿರುಬೆರಳಿಗೆ ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ.

ಅಷ್ಟು ದೊಡ್ಡದು, ಅಷ್ಟು ಹಗುರ — ಅಂಥದ್ದು ನಮ್ಮ ಮನೆಯಲ್ಲಿ ಒಂದೇ ಇದೆ.

ನವೆಂಬರ್ 12

ಸುಮ್ಮನೆ ಅನುಮಾನ ಪಡುತ್ತಿದ್ದೇನೆಯೇ? ಕಾದಂಬರಿ ಓದಿ ಓದಿ ಎಲ್ಲರ ಒಳಗೂ ಇನ್ನೊಬ್ಬರನ್ನು ಹುಡುಕುವ ಚಟ. ಅವಳು ನನ್ನ ತಲೆಗೆ ಎಣ್ಣೆ ಹಚ್ಚಿದಳು. "ಇಷ್ಟ ಕೂದಲಾ ಇಟ್ಕೊಂಡ ಇಷ್ಟ ಸಣ್ಣ ದನಿ ಯಾಕ ನಿನ್ನ?" ಎಂದು ನಕ್ಕಳು. ಬೆರಳು ಮೆತ್ತಗಿದ್ದವು.

ಎಣ್ಣೆ ಯಾಕೆ ಹಚ್ಚಿದಳು? ಇದುವರೆಗೆ ಹಚ್ಚಿದವಳಲ್ಲ.

ನವೆಂಬರ್ 16, ಶನಿವಾರ. ಮಧ್ಯಾಹ್ನ

ಅಳೆದೆ.

ವೈನಿ ಬಟ್ಟೆ ಒಣಹಾಕಲು ಮಾಳಿಗೆಗೆ ಹೋಗಿದ್ದಳು. ಮೊಳೆಯಿಂದ ದಾರ ತೆಗೆದು ಬಾಗಿಲ ಬಳಿಯ ಎರಡು ರೋಲಿಗೆ ಸುತ್ತಿದೆ. ಎರಡೂ ಗಂಟಿಗೆ ಸರಿ. ಇನ್ನೂ ಬಿಚ್ಚಿಲ್ಲ. ಡಬ್ಬಿ ಇಳಿಸಿ ಒಳಗಿನದಕ್ಕೆ ಸುತ್ತಿದೆ. ಸುತ್ತು ಮುಗಿದರೂ ಗಂಟು ಬರಲು ಇನ್ನೂ ನಾಲ್ಕು ಬೆರಳು ದಾರ ಮಿಕ್ಕಿತ್ತು! ಅದನ್ನೂ ನಾವು ಬಿಚ್ಚಿಲ್ಲ. ಅವ್ವ ಹೊಲಿಯುತ್ತಿರುವುದು ಹಿಂದಿನ ತಿಂಗಳ ರೋಲಿನದು.

ಕಣ್ಣಿಗೆ ಬೀಳುವ ರೋಲ್ ಮುಟ್ಟಿಲ್ಲ. ಡಬ್ಬಿ ಮುಚ್ಚಿದ್ದನ್ನೇ ಮುಟ್ಟಿದ್ದಾಳೆ. ಜಾಣೆ.

ತಿರುಗಿದರೆ ಬಾಗಿಲಲ್ಲಿ ವೈನಿ, ಖಾಲಿ ಬುಟ್ಟಿ ಸೊಂಟಕ್ಕೆ.

"ಏನ ಹುಡಕಾಕತ್ತಿ, ಪ್ರತಿಮಾ?"

"ಏನಿಲ್ರಿ ವೈನಿ... ಪುಸ್ತಕ."

"ದಾರ ಹಿಡ್ಕೊಂಡ ಪುಸ್ತಕ ಹುಡುಕೂದ ಕಲಿಸ್ಯಾರೇನ ನಿಮ್ಮ ಕಾಲೇಜನ್ಯಾಗ?"

ನಗುತ್ತ ಹೋದಳು. ನಗು ಸಹಜವಾಗಿಯೇ ಇತ್ತು. ಅದೇ ನನಗೆ ಸರಿಬರಲಿಲ್ಲ.

ನವೆಂಬರ್ 17, ಭಾನುವಾರ

ಹೇಳಿಬಿಟ್ಟೆ. ಊಟಕ್ಕೆ ಎಲ್ಲರೂ ಕೂತಿದ್ದಾಗ. ಎಲ್ಲಿಂದ ಬಂತೋ ದನಿ.

"ಅಪ್ಪ, ಒಳಗಿನ ರೋಲ್ ಕಡಿಮಿ ಆಗೇತಿ."

ಅಪ್ಪ ಅರ್ಧ ಊಟಕ್ಕೆ ಕೈತೊಳೆದು ಎದ್ದ. ದಾರ ಸುತ್ತಿದ. ಮತ್ತೊಮ್ಮೆ ಸುತ್ತಿದ. ಹೊರಗೆ ಬಂದಾಗ ಮುಖ ಕಪ್ಪಾಗಿತ್ತು.

"ನಾಕ ಬೆರಳ! ಜ್ಞಾನೇಶ್ವರಗ ಏನ ಹೇಳ್ಲಿ? ನೇಕಾರ ಹೊಳಬಸಪ್ಪನ ಮನ್ಯಾಗ ಮಾಲ ಕರಗತೈತಿ ಅಂತ ಹೇಳ್ಲೇನ?"

"ಇಲಿ ಇರಬೇಕ್ರಿ," ಎಂದಳು ಅವ್ವ.

"ಇಲಿ ತಿಂದ್ರ ತೂತ ಬೀಳತೈತಿ. ಇದು ಸುತ್ತ ಕಡಿಮಿ ಆಗೇತಿ. ಬಿಚ್ಚಿ, ತಗದ, ಮತ್ತ ಸುತ್ತ್ಯಾರ."

ಆಗ ನಾನು ಎರಡನೆಯ ಮಾತು ಆಡಿದೆ. ಆಡಬಾರದಿತ್ತೇನೋ. "ಮುತ್ತಪ್ಪ ಮೊನ್ನೆ ಚೀಲಾ ತುಂಬ್ಕೊಂಡ ಹೋದ."

ವೈನಿ ತಾಟಿನಿಂದ ತಲೆ ಎತ್ತಿದಳು. ನನ್ನನ್ನು ನೋಡಲಿಲ್ಲ. ಅಪ್ಪನನ್ನು ನೋಡಿದಳು.

"ಮಧ್ಯಾಹ್ನ ಕೌದಿ ಅಂಚ ಕತ್ತರಿಸ್ತೀನಲ್ರಿ, ಮಾವ, ಅದರಾಗ ಉಳದ ತುಂಡ ಅದು. ನಮ್ಮಪ್ಪನ ಕಾಲ ಮುರದೈತಿ, ಕಾಲಿನ ಕೆಳಗ ತಲಿದಿಂಬ ಮಾಡಾಕ ಕೊಟ್ಟೆ. ಅತ್ತಿನ್ನ ಕೇಳೇ ಕೊಟ್ಟೀನಿ."

ಎಲ್ಲರೂ ಅವ್ವನ ಕಡೆ ತಿರುಗಿದೆವು. ಅವ್ವ ಸಾರಿನ ಪಾತ್ರೆಯಲ್ಲಿ ಸೌಟು ತಿರುಗಿಸಿದಳು.

"ನನಗ ನೆಪ್ಪಿಲ್ಲವ್ವಾ."

ಸಿಕ್ಕಿಬಿದ್ದಳು ಎಂದುಕೊಂಡೆ. ಖುಷಿಯೂ ಆಯಿತು. ಬರೆದಿಡುತ್ತೇನೆ, ಖುಷಿಯೇ ಆಯಿತು.

ಅಣ್ಣ ಏನಾದರೂ ಅಂದಾನು ಎಂದು ವೈನಿ ಕಾದಳು. ಅವನು ರೊಟ್ಟಿ ಮುರಿಯುತ್ತ ಕೂತ. "ಆತು," ಎಂದಳು. ತನ್ನ ತಾಟು ತಾನೇ ತೊಳೆದಿಟ್ಟಳು.

ನವೆಂಬರ್ 18

ವೈನಿ ಬೆಳಗಿನ ಬಸ್ಸಿಗೆ ಲೋಕಾಪುರಕ್ಕೆ ಹೋದಳು. ಅಣ್ಣ ಬಸ್‌ಸ್ಟ್ಯಾಂಡ್‌ವರೆಗೆ ಹಿಂದೆ ಹಿಂದೆ ನಡೆದ. ತಾಳಿ ಬಿಟ್ಟರೆ ನಾವು ಹಾಕಿದ ಬಂಗಾರವನ್ನೆಲ್ಲ ದೇವರ ಮುಂದೆ ಇಟ್ಟು ಹೋಗಿದ್ದಾಳೆ.

ಕದ್ದವರು ಹೀಗೆ ಮಾಡುತ್ತಾರೆಯೇ? ಅಥವಾ ಇದೂ ಜಾಣತನವೇ?

ಡಿಸೆಂಬರ್ 1, ಭಾನುವಾರ

ಇಷ್ಟು ದಿನ ಏನೂ ಬರೆಯಲಿಲ್ಲ. ಬರೆಯುವುದೇನು? ಅಣ್ಣ ಎರಡು ವಾರದಿಂದ ಬೀಳಗಿಯಿಂದ ಬಂದಿಲ್ಲ. ಫೋನ್ ಮಾಡಿದರೆ "ಕೆಲಸ ಐತಿ". ಅಪ್ಪ ಊಟಕ್ಕೆ ಕೂತಾಗ ಯಾರ ಕಡೆಯೂ ನೋಡುವುದಿಲ್ಲ.

ಇವತ್ತು ಪಕ್ಕದ ಮನೆಯ ಶಿವವ್ವ ಕಟ್ಟೆಗೆ ಬಂದು ಕೂತಳು. ನಾನು ಒಳಗೆ ಅಂಗಿಗೆ ಕಾಜು ಹೊಲಿಯುತ್ತಿದ್ದೆ.

"ಗುರುಬಸವ್ವ, ಸೊಸಿ ಕಾಣವಲ್ಲಳಲ್ಲ? ಹದಿನೈದ ದಿನಾ ತವರಮನಿ ಅಂದ್ರ ಏನಾರ ವಿಶೇಷನ?"

"ವಿಶೇಷ ಏನಿಲ್ಲಬೇ. ಬೀಗರ ಕಾಲ ಮುರದೈತಿ. ನಾನಽ ಕಳಿಸೀನಿ. ಎರಡ ತಲಿದಿಂಬಿಗೆ ಆಗೂವಷ್ಟ ಹತ್ತೀನೂ ಕೊಟ್ಟ ಕಳಿಸಿದ್ದೆ, ಕಾಲಿಗೆ ಆಧಾರ ಆಗ್ಲಿ ಅಂತ."

ಸೂಜಿ ಬೆರಳಿಗೆ ಚುಚ್ಚಿತು.

ಶಿವವ್ವ ಹೋಗುವವರೆಗೆ ತಡೆದುಕೊಂಡೆ. "ಯವ್ವಾ, ನೀ ಕೊಟ್ಟಿದ್ದ ಖರೆ ಏನ?"

ಅವ್ವ ಬಟ್ಟೆಯ ಸುಕ್ಕು ತೀಡಿದಳು. "ಅಪ್ಪ ಸಿಟ್ಟಿಲೆ ನಿಂತಿದ್ದ. ಮಂದಿ ಮಾಲು ಯಾಕ ಕೊಟ್ಟಿ ಅಂತ ನನ್ನ ಮ್ಯಾಲ ಬರ್ತಿದ್ದ. ಬಾಯಿ ಬರ್ಲಿಲ್ಲ."

"ಮತ್ತ ಒಳಗಿನ ರೋಲ್?"

"ಅದ ನನಗೂ ತಿಳೀವಲ್ದು. ನಾ ಕೊಟ್ಟಿದ್ದ ಬರೇ ತುಂಡ, ಖರೇನ."

ಹಾಗಾದರೆ ಯಾರು? ಟಂಟಂನವನಿಗೆ ಒಳಗೆ ಬರಲು ಆಗುವುದಿಲ್ಲ. ಅಣ್ಣ? ಅವ್ವ ಇನ್ನೂ ಏನಾದರೂ ಮುಚ್ಚಿಡುತ್ತಿದ್ದಾಳೆಯೇ? ರಾತ್ರಿ ಅಡುಗೆಮನೆಯಲ್ಲಿ ಅವಳ ಬೆನ್ನು ನೋಡುತ್ತ ನಿಂತೆ. ಹೆತ್ತ ತಾಯಿಯ ಬೆನ್ನು.

ಡಿಸೆಂಬರ್ 5, ಗುರುವಾರ

ನಿಧಾನ ಬರೆಯಬೇಕು. ಒಂದೂ ಬಿಡಬಾರದು.

ಹಳೆಯ ರೋಲ್ ಮುಗಿಯಿತು. ಅವ್ವ ಒಳಗಿನದನ್ನು ಬಿಚ್ಚೋಣ ಎಂದಳು. ಡಬ್ಬಿ ಇಳಿಸಿದೆ. ನಾವಿಬ್ಬರೂ ಅದನ್ನು ಅಂಗಳಕ್ಕೆ ಹೊತ್ತು, ಪ್ಲಾಸ್ಟಿಕ್ ತೆಗೆದು, ಹಗ್ಗ ಬಿಚ್ಚಿ ಕೌದಿ ಒಣಹಾಕುವ ಚಾಪೆಯ ಮೇಲೆ ಬಿಸಿಲಿಗೆ ಉದ್ದಕ್ಕೆ ಹರಡಿದೆವು. ಮೊದಲಿಗೆ ಚಪಾತಿಯ ಹಾಗೆ ಚಪ್ಪಟೆ. ಅಲ್ಲಲ್ಲಿ ಚೌಕಾಕಾರದ ತಗ್ಗು. ನನ್ನ ಡಬ್ಬಿಗಳ ತಳ.

ಊಟ ಮುಗಿಸಿ ಬಂದು ನೋಡಿದರೆ ತಗ್ಗಿಲ್ಲ. ಹತ್ತಿ ಉಬ್ಬಿತ್ತು. ಅಂಗೈ ಇಟ್ಟು ಒತ್ತಿದೆ, ಇಳಿಯಿತು. ಕೈ ತೆಗೆದೆ, ನಿಧಾನಕ್ಕೆ ಮೇಲೆ ಬಂತು.

"ಯವ್ವಾ, ಒಂದಿಷ್ಟೂ ಕತ್ತರಿಸಬ್ಯಾಡ!"

ಇದ್ದಷ್ಟನ್ನೂ ಹಾಗೆಯೇ ಸುತ್ತಿದೆವು. ಅಪ್ಪನ ದಾರ ತಂದು ಹಾಯಿಸಿದೆ. ಸುತ್ತು ಸರಿಯಾಗಿ ಗಂಟಿನಲ್ಲೇ ಮುಗಿಯಿತು. ಮಿಕ್ಕಿದ್ದಿಲ್ಲ, ಕಡಿಮೆಯಿಲ್ಲ.

ಯಾರೂ ಕದ್ದಿಲ್ಲ. ಕದಿಯುವಂಥದ್ದು ಏನೂ ನಡೆದೇ ಇಲ್ಲ.

ಬೀಮಿನ ಮೇಲೆ ಕಲ್ಲು ಹೇರಿದರೂ ಬಿಗಿದ ನೂಲು ಸಣ್ಣದಾಗುವುದಿಲ್ಲ. ಅಪ್ಪನಿಗೆ ಗೊತ್ತಿರುವುದು ನೂಲು. ದಪ್ಪ ಇಳಿಯಿತು ಎಂದರೆ ಮಾಲು ಹೋಯಿತು, ಅಷ್ಟೇ. ನನಗೂ ಅದೇ ಬುದ್ಧಿ, ಈ ಮನೆಯಲ್ಲೇ ಬೆಳೆದವಳು. ಹತ್ತಿಗೆ ಉಸಿರು ಇರುತ್ತದೆ, ಭಾರ ಹೇರಿದರೆ ಉಸಿರು ಹೋಗುತ್ತದೆ ಎಂದು ಅಪ್ಪ, ಅವ್ವ, ನಾನು, ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಡಬ್ಬಿ ಇಳಿಸಿ ಅಳೆದವಳು ನಾನೇ. ಅಳೆದು ಮತ್ತೆ ಮೇಲೇರಿಸಿದವಳೂ ನಾನೇ.

ಅವ್ವ ಮೊದಲು ನಕ್ಕಳು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಅಪ್ಪಾಗ ಹೇಳಬ್ಯಾಡ, ಪ್ರತಿಮಾ. ದಾರ ಹಿಡದ ಕೂಗ್ಯಾಡಿದ ಗಂಡಸು, ತಪ್ಪಾತು ಅಂದ್ರ ತಡ್ಕೊಳ್ಳೂದಿಲ್ಲ. ಚಿದಾ ಹೋಗಿ ಸುಮ್ನ ಕರ್ಕೊಂಡ ಬರ್ಲಿ. ನಾಕ ದಿನಕ್ಕ ಎಲ್ಲಾ ಮರೀತಾರ."

ಡಿಸೆಂಬರ್ 7, ಶನಿವಾರ

ಕಾಲೇಜಿನಲ್ಲಿ ಕೆಲಸವಿದೆ ಎಂದು ಅವ್ವನಿಗೆ ಹೇಳಿ ಹೊರಟೆ. ಮುಧೋಳದಲ್ಲಿ ಇಳಿಯಲಿಲ್ಲ. ಲೋಕಾಪುರಕ್ಕೆ ಹೋದೆ.

ವೈನಿಯ ಅಪ್ಪ ಹೊರಸಿನ ಮೇಲೆ ಮಲಗಿದ್ದರು. ಪ್ಲಾಸ್ಟರ್ ಹಾಕಿದ ಕಾಲಿನ ಕೆಳಗೆ ಎರಡು ತಲೆದಿಂಬು. ತುಂಡು ತುಂಬಿದ್ದು ನೋಡಿದರೇ ತಿಳಿಯುತ್ತಿತ್ತು, ಎಲ್ಲ ಗಂಟುಗಂಟು. "ಬಾ ಯವ್ವಾ, ಮನ್ಯಾಗ ಎಲ್ಲಾರೂ ಅರಾಮ ಅದಾರಿಲ್ಲೋ?" ಎಂದರು. ಅವರಿಗೆ ಏನೂ ಗೊತ್ತಿಲ್ಲ. ವೈನಿ ಹೇಳಿಲ್ಲ.

ಅವಳು ನೀರು ತಂದಳು. ಪಿಸುದನಿಯಲ್ಲಿ, "ದಾರ ತಂದೀಯೇನ? ನಮ್ಮಪ್ಪನ ತಲಿದಿಂಬ ಅಳ್ಯಾಕ?"

ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ಡಬ್ಬಿ, ಬಿಸಿಲು, ಗಂಟು. ಅತ್ತುಬಿಟ್ಟೆ. ಅವಳು ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

"ಇದನ್ನ ನನಗ ಹೇಳಾಕ ಬಸ್ ಹತ್ತಿ ಬಂದೀಯೇನ? ನಾ ಕದ್ದಿಲ್ಲ ಅನ್ನೂದು ನನಗ ಮೊದಲ ಗೊತ್ತೈತಿ. ಗೊತ್ತಿಲ್ಲದವ್ರು ಬನಹಟ್ಟ್ಯಾಗ ಅದಾರ."

"ಅಣ್ಣ ಕರಿಯಾಕ ಬರ್ತಾನ್ರಿ ವೈನಿ..."

"ಬಂದ್ರ? ನಾ ಸುಮ್ನ ಬಂದ್ರ, ಮಾಫ್ ಮಾಡಿ ಕರ್ಕೊಂಡ್ವಿ ಅಂತ ಆಗತೈತಿ. ಜೀವಾ ಇರೂತನಾ ನಿಮ್ಮ ಮನ್ಯಾಗ ಒಂದ ಚಮಚಾ ಕಳದ್ರೂ ಎಲ್ಲಾರೂ ನನ್ನ ಕೈ ನೋಡ್ತಾರ." ನನ್ನ ಕಡೆ ತಿರುಗಿ, "ಅವತ್ತ ಎಲ್ಲಾರೂ ಊಟಕ್ಕ ಕುಂತಾಗ ಹೇಳಿದೆಲ್ಲ, ಹಂಗಽ ಹೇಳು. ಮಾವನ ಮುಂದ. ನಿಮ್ಮಣ್ಣನೂ ಇರ್ಲಿ. ಅಲ್ಲೀತನ ನಾ ಹೊಸ್ತಿಲಾ ತುಳಿಯೂದಿಲ್ಲ."

"ಅವ್ವಂದು?"

"ಅತ್ತಿ ಅಂಜಿದ್ರು. ಅವರದು ಅವರಿಗೇ ಬಿಡು."

ಬಸ್ಸಿಗೆ ಬಿಡಲು ಬಂದಳು. ಕಿಟಕಿಯ ಪಕ್ಕ ನಿಂತು ನನ್ನನ್ನೇ ನೋಡುತ್ತಿದ್ದಳು. ನಾನು ಅವಳನ್ನು ಅಷ್ಟು ದಿನ ನೋಡಿದ ಹಾಗೆ.

ಡಿಸೆಂಬರ್ 8, ಭಾನುವಾರ. ಮಧ್ಯಾಹ್ನ, ಊಟಕ್ಕೆ ಮೊದಲು

ಅಣ್ಣ ಬಂದಿದ್ದಾನೆ. ನಾನೇ ಫೋನ್ ಮಾಡಿ ಬಾ ಎಂದೆ. ಯಾಕೆ ಎಂದು ಹೇಳಿಲ್ಲ. ಮೂಲೆಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದಾನೆ.

ರೋಲನ್ನು ನಾನೊಬ್ಬಳೇ ನಡುಮನೆಗೆ ತಂದು ನಿಲ್ಲಿಸಿದೆ. ಪಕ್ಕದಲ್ಲಿ ದಾರ. ಅವ್ವ ನೋಡಿದಳು, ಬೇಡ ಎಂದು ಕಣ್ಣಲ್ಲೇ ಹೇಳಿದಳು, ರೊಟ್ಟಿ ತಟ್ಟಲು ಹೋದಳು.

ಹೇಗೆ ಶುರುಮಾಡುವುದೋ ತಿಳಿಯದು. ಅದಕ್ಕೇ ಒಳಗೆ ಬಂದು ಬರೆಯುತ್ತಿದ್ದೇನೆ. ಅವತ್ತು ಎಷ್ಟು ಸಲೀಸಾಗಿ ಬಂದಿತ್ತಲ್ಲ! ಒಬ್ಬರ ಮೇಲೆ ಹೇಳುವಾಗ ಬಂದ ದನಿ ಈಗ ಎಲ್ಲಿ?

ಹೊರಗೆ ಅಪ್ಪನ ಚಪ್ಪಲಿ. ಬಚ್ಚಲಲ್ಲಿ ನೀರು.

"ಇದನ್ನ್ಯಾಕ ನಡುಮನ್ಯಾಗ ತಂದೀರಿ?"

ರೊಟ್ಟಿ ತಟ್ಟುವ ಸಪ್ಪಳ ನಿಂತಿತು.

"ನಾನಽ ತರ್ಸೀನ್ರಿ," ಅವ್ವನ ದನಿ! "ಹುಡುಗಿ ಏನೋ ಹೇಳೂದೈತಂತ. ಮೊದಲ ನಂದೊಂದ ಐತಿ, ಕುಂದರ್ರಿ."

ಅವ್ವ ಹೇಳುತ್ತಿದ್ದಾಳೆ. ತುಂಡು ತಾನೇ ಕೊಟ್ಟ ಮಾತು. ಅಣ್ಣ ಎದ್ದ ಹಾಗಾಯಿತು. ಅಪ್ಪ ನನ್ನ ಹೆಸರು ಕರೆಯುತ್ತಿದ್ದಾನೆ.

ಹೋಗುತ್ತೇನೆ. ಮೊದಲ ವಾಕ್ಯ ಇಷ್ಟು ಸಾಕು: ಅಪ್ಪ, ವೈನಿ ಕದ್ದಿಲ್ಲ, ನಾನು ತಪ್ಪು ಹೇಳಿದೆ.