ಕೊನೆಯ ನೆಗೆತಕ್ಕೆ ಮುಂಚಿನ ಸ್ವರ

ನೆದರ್ ಕೋಂಬ್
೨೯ ಮೇ ೧೯೭೬

ಪ್ರೀತಿಯ ಐವಿ ಅಕ್ಕ,

ನಿನ್ನ ಕಾಗದ ಈಸ್ಟರ್ ಹಬ್ಬಕ್ಕೇ ಬಂದಿತ್ತು. ಉತ್ತರ ಬರೆಯದೆ ಇಷ್ಟು ದಿನ ಕೂತೆ, ಎಷ್ಟು ಬೇಕೋ ಅಷ್ಟು ಬೈದುಕೋ. ನಿನ್ನ ಮಂಡಿನೋವು ಹೇಗಿದೆ? ವೇಮತ್‌ನ ಸಮುದ್ರದ ಗಾಳಿ ಒಗ್ಗಿತೋ ಇಲ್ಲವೋ? ಇಲ್ಲಿ ಒಂದು ಹನಿ ಮಳೆಯಿಲ್ಲ. ಬಟಾಣಿ ಬಳ್ಳಿ ಆಗಲೇ ಬಾಡಿದೆ, ಪಾತ್ರೆ ತೊಳೆದ ನೀರನ್ನೇ ಹೊತ್ತು ಹಾಕುತ್ತಿದ್ದೇನೆ. ಆದರೆ ಬಟಾಣಿಯ ಕಥೆ ಹೇಳುವುದಕ್ಕೆ ಕೂತವಳಲ್ಲ ನಾನು. ತಲೆ ಕೆಟ್ಟುಹೋಗಿದೆ, ಊರಲ್ಲಿ ಯಾರ ಹತ್ತಿರವೂ ಬಾಯಿ ಬಿಡುವ ಹಾಗಿಲ್ಲ.

ಪ್ರತಿ ವರ್ಷ ವಿಟ್ ಸೋಮವಾರದ ಹಬ್ಬಕ್ಕೆ ನನ್ನ ಗಂಡ ಗೆಜ್ಜೆ ಕಟ್ಟಿ ಕುಣಿಯುತ್ತಾನಲ್ಲ, ನಮ್ಮೂರ ಆ ಒಂಟಿ ಕುಣಿತದ ಮಟ್ಟಿನ ಸ್ವರಲಿಪಿ ಸಿಕ್ಕಿದೆ. ಏಮಸ್ ಚಿಕ್ಕಪ್ಪ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಿದಿ ಎಳೆದು ನುಡಿಸುವ ಮೆಲೋಡಿಯನ್ನಿನ ಗುಂಡಿಗಳ ಮೇಲೆ ನನ್ನ ಬೆರಳಿಟ್ಟು ಕಲಿಸಿದನಲ್ಲ, ಅದೇ ಮಟ್ಟು. ಅದನ್ನು ಕಾಗದದ ಮೇಲೆ ಕಂಡವರೇ ಇರಲಿಲ್ಲ. ನನ್ನ ಗಂಡನಿಗೆ ಈ ಚಳಿಗಾಲ ಅದೇನು ಹುಚ್ಚು ಹಿಡಿಯಿತೋ, ಕೂತಲ್ಲಿ ನಿಂತಲ್ಲಿ ಅದೇ ಜಪ. ಲಂಡನ್ನಿನ ಗ್ರಂಥಾಲಯಕ್ಕೆ ಬರೆದ, ಆಕ್ಸ್‌ಫರ್ಡಿನ ಯಾರೋ ಪ್ರೊಫೆಸರಿಗೆ ಬರೆದ, ಹಿಂದೆ ಹಾಡು ಸಂಗ್ರಹಿಸುತ್ತಿದ್ದ ಪಾದ್ರಿಯೊಬ್ಬರ ಮೊಮ್ಮಗಳಿಗೂ ಬರೆದ. ಕ್ರಿಸ್‌ಮಸ್ ಕಾರ್ಡಿಗೆ ಸಹಿ ಹಾಕು ಅಂದರೆ ಪೆನ್ಸಿಲ್ ಚೀಪುತ್ತ ಕೂರುವ ವಿಲ್ಫ್! ಕೊನೆಗೆ ಆ ಮೊಮ್ಮಗಳೇ ಕಳಿಸಿಕೊಟ್ಟಳು. ನಮ್ಮ ತಾತ ನುಡಿಸುವಾಗ ಕೇಳಿ ಆ ಪಾದ್ರಿ ಬರೆದಿಟ್ಟುಕೊಂಡದ್ದಂತೆ.

ನನಗೆ ಆ ಕಪ್ಪು ಚುಕ್ಕೆಗಳು ಓದಲು ಬರುವುದಿಲ್ಲ, ನಿನಗೆ ಗೊತ್ತಲ್ಲ. ಕಾಲಿನ್ ಓದಿದ. ಶಾಲೆಗೆ ಬಂದ ಹೊಸ ಮೇಷ್ಟ್ರು, ನಮ್ಮ ಕುಣಿತದವರಲ್ಲಿ ಒಬ್ಬ, ಒಳ್ಳೆಯ ಹುಡುಗ. ನಮ್ಮ ಅಡುಗೆಮನೆಯಲ್ಲಿ ಕೂತು ಬೆರಳಲ್ಲಿ ಮೇಜು ತಟ್ಟುತ್ತ ಹಾಡಿ ತೋರಿಸಿದ. ಎಲ್ಲ ನಮ್ಮದೇ, ಒಂದು ಕಡೆ ಬಿಟ್ಟು.

"ಕೊನೇ ನೆಗೆತಕ್ಕೆ ಮುಂಚೆ ನೀವು ಒಂದು ಸ್ವರದ ಮೇಲೆ ನಿಂತ್ಕೋತೀರಲ್ಲ ಮಿಸೆಸ್ ಟಫ್ಲಿ, ಇದರಲ್ಲಿ ನಿಲ್ಲೋದೇ ಇಲ್ಲ. ಸೀದಾ ಹೋಗುತ್ತೆ," ಅಂದ.

ವಿಲ್ಫ್ ನನ್ನ ಮುಖ ನೋಡಲಿಲ್ಲ, ಹಾಳೆಯನ್ನೇ ನೋಡುತ್ತಿದ್ದ. "ಹಾಗಾದ್ರೆ ಸೀದಾನೇ ನುಡಿಸು. ಈ ವಿಟ್ ಸೋಮವಾರ ಕಾಗದದಲ್ಲಿ ಹೆಂಗಿದೆಯೋ ಹಂಗೆ," ಅಂದ.

ಅಕ್ಕ, ಆ ನಿಲ್ಲುವುದು ಚಿಕ್ಕಪ್ಪ ಕಲಿಸಿದ್ದಲ್ಲ. ನಾನು ಸೇರಿಸಿದ್ದು. ಹಸು ಇವನನ್ನು ಗೇಟಿಗೆ ಅದುಮಿ ಸೊಂಟ ಜಜ್ಜಿದ ವರ್ಷ ಶುರು ಮಾಡಿದೆ. ಹೆಜ್ಜೆಗಳೆಲ್ಲ ಇವನಿಗೆ ಈಗಲೂ ಸಲೀಸು. ಆ ಕೊನೆಯ ನೆಗೆತಕ್ಕೆ ಮಾತ್ರ ಮೈ ಒಟ್ಟುಮಾಡಿಕೊಳ್ಳಲು ಸಮಯ ಬೇಕು. ಅದಕ್ಕೇ ನಾನು ತಿದಿ ಎಳೆದು ಹಿಡಿದು ಇವನ ಕಾಲನ್ನೇ ನೋಡುತ್ತೇನೆ, ಕಾಲು ನೆಲ ಬಿಟ್ಟಾಗ ಒತ್ತುತ್ತೇನೆ. ಮೊದಲ ವರ್ಷ ಕಣ್ಣು ಮಿಟುಕಿಸುವಷ್ಟು ಹೊತ್ತು ಅಷ್ಟೇ. ಮಟ್ಟೇ ಹಾಗಿದೆ ಅಂತ ಊರು ನಂಬಿತು, ಇವನೂ ನಂಬಿದ. ಆದರೆ ಈಚೆಗೆ ಅಭ್ಯಾಸದಲ್ಲಿ ತಿದಿ ಪೂರ್ತಿ ಬಿಚ್ಚಿಕೊಂಡು ನನ್ನ ತೋಳು ನಡುಗಿದರೂ ಇವನ ಕಾಲು ಮೇಲೇಳಲಿಲ್ಲ.

ಸಾಕು ಮಾಡು ಅನ್ನೋಣವೆಂದರೆ ಇಲ್ಲಿಯ ಪದ್ಧತಿ ನಿನಗೇ ಗೊತ್ತು. ಗೆಜ್ಜೆ ಕಟ್ಟಿದವನು ತಾನಾಗಿ ಬಿಚ್ಚುವ ಹಾಗಿಲ್ಲ. ಪಬ್ಬಿನ ಮುಂದೆ, ಎಲ್ಲರೆದುರು, ಆ ನೆಗೆತ ತಪ್ಪಬೇಕು. ತಪ್ಪಿದ ದಿನ ಬಿಚ್ಚಿ ತನಗೆ ಬೇಕಾದವನ ಕೈಗೆ ಕೊಡಬೇಕು, ಊರೆಲ್ಲ ಅವನ ಹೆಸರಲ್ಲಿ ಕುಡಿಯಬೇಕು. ಹಾಗೆ ತಪ್ಪಿ ಇವನು ಬಿದ್ದರೆ? ಇನ್ನೊಂದು ಸಲ ಆ ಸೊಂಟದ ಮೇಲೆ ಬಿದ್ದರೆ ಆಮೇಲೆ ಗಾಲಿಕುರ್ಚಿಯೇ ಗತಿ ಅಂತ ಡಾಕ್ಟರು ಇವನೆದುರೇ ಹೇಳಿದ್ದಾರೆ. "ಇಷ್ಟು ವರ್ಷ ನೀನು ಸರಿಯಾಗಿ ನೆಗೆಯುತ್ತಿರಲಿಲ್ಲ, ನಾನು ಕಾಯುತ್ತಿದ್ದೆ" ಅಂತ ಇವನಿಗೆ ಹೇಗೆ ಹೇಳಲಿ? ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಸೊಂಟ ಹೋಗುತ್ತದೆ.

ಸೋಮವಾರ ಅಂದರೆ ಏಳನೇ ತಾರೀಖು. ಅಷ್ಟರೊಳಗೆ ಎರಡು ಸಾಲಾದರೂ ಬರಿ.

ನಿನ್ನ
ಹಿಲ್ಡಾ

—

ನೆದರ್ ಕೋಂಬ್
೧೦ ಜೂನ್ ೧೯೭೬

ಪ್ರೀತಿಯ ಅಕ್ಕ,

ನಿನ್ನ ಉತ್ತರ ಮಂಗಳವಾರ ಬಂತು, ಎಲ್ಲ ಮುಗಿದ ಮೇಲೆ. "ಬಾಯಿ ಬಿಟ್ಟು ಹೇಳಿಬಿಡು" ಅಂತ ಬರೆದಿದ್ದೀಯ. ವೇಮತ್‌ನಲ್ಲಿ ಕೂತು ಹೇಳುವುದು ಸುಲಭ ತಾಯಿ. ನಾನೂ ಹೇಳೋಣ ಅಂತಲೇ ಬೆಳಿಗ್ಗೆ ಎರಡು ಸಲ ಇವನ ಮುಂದೆ ಹೋಗಿ ನಿಂತೆ. ಎರಡು ಸಲವೂ ಮೊಟ್ಟೆ ಬೇಯಿಸಲೋ ಹುರಿಯಲೋ ಅಂತ ಕೇಳಿ ವಾಪಸು ಬಂದೆ.

ಸುಡು ಬಿಸಿಲು. ಪಬ್ಬಿನ ಮುಂದೆ ಕಾಲಿಡಲು ಜಾಗವಿಲ್ಲ. ಪ್ರತಿ ವರ್ಷ ಇವನ ಗೆಜ್ಜೆ ಕಟ್ಟುವವಳು ನಾನು. ಈ ಸಲ ಮುಟ್ಟಗೊಡಲಿಲ್ಲ, ಬೆಂಚಿನ ಮೇಲೆ ಕೂತು ಉಸ್ಸೆನ್ನುತ್ತ ತಾನೇ ಕಟ್ಟಿಕೊಂಡ. ಕಾಲಿನ್ ಪಾಪ, ಹಾಳೆಯನ್ನು ನನ್ನ ಮುಂದೆ ಎತ್ತಿ ಹಿಡಿದು ನಿಂತ, ನನಗೆ ಅದು ಓದಲು ಬರುತ್ತದೋ ಎಂಬಂತೆ. ಶುರುವಾಗುವ ಮುಂಚೆ ವಿಲ್ಫ್ ನನ್ನ ಹತ್ತಿರ ಬಂದ. "ಕಾಗದದಲ್ಲಿದ್ದ ಹಂಗೆ, ಹಿಲ್ಡಾ," ಅಂದ. ಮೆತ್ತಗೆ ಅಂದ. ಅವನು ಮೆತ್ತಗೆ ಮಾತಾಡಿದರೆ ನನಗೆ ಹೆದರಿಕೆ.

ಚೆನ್ನಾಗಿಯೇ ಕುಣಿದ, ಅಕ್ಕ. ಕರವಸ್ತ್ರಗಳನ್ನು ಬೀಸುತ್ತ ಬರುವಾಗ ನಾವು ಹುಡುಗಿಯರಾಗಿದ್ದಾಗ ಕಂಡ ಅದೇ ವಿಲ್ಫ್. ಆಮೇಲೆ ಆ ಜಾಗ ಬಂತು. ತಿದಿ ಎಳೆದೆ. ಇವನ ಮಂಡಿ ಬಾಗಿತು. ಅಲ್ಲೇ ಒತ್ತಿಬಿಡಬೇಕಿತ್ತು, ಹಾಳೆ ಹಾಗೆ ಹೇಳುತ್ತದೆ, ಇವನೂ ಹಾಗೇ ಹೇಳಿದ್ದ. ಇವನ ಮುಖದ ಮೇಲೆ ಬೆವರು ಇಳಿಯುತ್ತಿತ್ತು. ನನ್ನ ಕೈಯಿಂದ ಆಗಲಿಲ್ಲ. ಸ್ವರ ಹಿಡಿದೆ. ತಿದಿ ಬಿಚ್ಚಿಕೊಳ್ಳುತ್ತ ಹೋಯಿತು, ಸ್ವರ ಸಣ್ಣಗಾಗುತ್ತ ಬಂತು, ಜನ ಮಾತು ನಿಲ್ಲಿಸಿದರು, ಕಾಲಿನ್ ಹಾಳೆಯ ಮೇಲಿಂದ ನನ್ನನ್ನೇ ನೋಡಿದ. ಒಳಗೆ ಇನ್ನು ಗಾಳಿಯೇ ಇಲ್ಲ ಅನ್ನುವಾಗ ಇವನ ಕಾಲು ಮೇಲೆದ್ದಿತು. ಒತ್ತಿದೆ. ನಿಂತ. ಬೀಳಲಿಲ್ಲ.

ಚಪ್ಪಾಳೆಯೋ ಚಪ್ಪಾಳೆ. ವಿಲ್ಫ್ ಟೋಪಿ ತೆಗೆದು ಎಲ್ಲರಿಗೂ ಕೇಳುವ ಹಾಗೆ, ನಮ್ಮನೆಯವಳಿಗೆ ವಯಸ್ಸಾಯ್ತು, ಕಾಗದ ಓದೋಕೆ ಕನ್ನಡಕ ಕೊಡಿಸಬೇಕು ಅಂದ. ಜನ ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಮುದುಕಿ ಅನ್ನಲಿ, ಕಿವಿ ಕೆಟ್ಟವಳು ಅನ್ನಲಿ, ಎಲ್ಲ ನನ್ನ ತಲೆಗೇ ಬರಲಿ, ಸೊಂಟ ಉಳಿಯಿತಲ್ಲ. ಆಮೇಲೆ ನನ್ನ ಪಾಲಿನ ಸೈಡರ್ ಜೊತೆಗೆ ಕಾಲಿನ್‌ನ ಅರ್ಧ ಲೋಟವನ್ನೂ ಕುಡಿದೆ. ನಿನಗೆ ಗೊತ್ತಿರಲಿ, ಗುಟ್ಟು ಗುಟ್ಟಾಗಿಯೇ ಉಳಿದಿದೆ.

ಮಂಡಿಗೆ ಉಪ್ಪಿನ ಶಾಖ ಕೊಡುವುದನ್ನು ಬಿಡಬೇಡ. ನಿನ್ನ ಮೊಮ್ಮಕ್ಕಳಿಗೆ ನನ್ನ ಮುತ್ತು. ದೇವರು ಅವರನ್ನು ತಣ್ಣಗೆ ಇಟ್ಟಿರಲಿ, ನಿನಗೆ ನೋವಿಲ್ಲದ ನಿದ್ದೆ ಕೊಡಲಿ.

ನಿನ್ನ ತಂಗಿ
ಹಿಲ್ಡಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಈ ಬೆಳಿಗ್ಗೆ ಇವನಿಗೆ ಬಗ್ಗಿ ಬೂಟು ಹಾಕಿಕೊಳ್ಳಲು ಆಗಲಿಲ್ಲ. ನಾನು ಕೆಳಗೆ ಕೂತು ಲೇಸು ಕಟ್ಟುತ್ತಿದ್ದೆ. ತಲೆಯ ಮೇಲಿಂದ ಇವನ ಮಾತು ಬಂತು.

"ಇಷ್ಟು ವರ್ಷದಿಂದ ಕಾಯ್ತಾ ಇದೀಯ. ನಾನೇನು ಕಿವುಡನಾ?"

ನಾನು ಲೇಸಿನ ಗಂಟನ್ನು ಇನ್ನೊಂದು ಸಲ ಬಿಗಿದೆ.

"ಚಳಿಗಾಲವೆಲ್ಲ ಆ ಕಾಗದ ಹುಡುಕಿದ್ದು ಯಾಕೆ ಅಂದ್ಕೊಂಡೆ? ಅದು ಸಿಕ್ಕಿದ್ರೆ ನೀನು ಕಾಯೋ ಹಂಗಿಲ್ಲ. ಒಂದ್ಸಲ ತಪ್ಪಿದ್ರೆ ಗೆಜ್ಜೆ ಬಿಚ್ಚಿ ಕಾಲಿನ್ ಕೈಗೆ ಕೊಟ್ಟು ಕೂತ್ಕೋತಿದ್ದೆ."

ಬಿದ್ದಿದ್ದರೆ ಏನು ಗತಿ ಅಂದೆ. ಬೀಳೋನು ನಾನು ತಾನೆ ಅಂದ. ಮತ್ತೆ ಮೊದಲೇ ಯಾಕೆ ಹೇಳಲಿಲ್ಲ ಅಂತ ರೇಗಿದೆ. "ನೀನ್ಯಾಕೆ ಹೇಳ್ಲಿಲ್ಲ?" ಅಂದ. ನಾನು ಇನ್ನೊಂದು ಬೂಟನ್ನು ಹತ್ತಿರ ಎಳೆದುಕೊಂಡೆ.

ನಾನು ಪ್ರೀತಿಯಿಂದ ಕಾದೆ, ಅಕ್ಕ. ಇವನು ಪ್ರತಿ ವರ್ಷ ಊರೆದುರು ನಾನು ಕಾಯುವುದನ್ನು ಕೇಳಿಸಿಕೊಂಡು ಹಲ್ಲು ಕಚ್ಚಿ ನೆಗೆದ. ಈಗ ಗೆಜ್ಜೆಯನ್ನು ಒರೆಸಿ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದಾನೆ, ಮುಂದಿನ ವಿಟ್ ಸೋಮವಾರಕ್ಕೆ. ಮತ್ತೆ ಕಟ್ಟಲೇಬೇಕು, ನೆಗೆತ ತಪ್ಪಲಿಲ್ಲವಲ್ಲ.