ಬೇಟೆಗಾರನ ಮುಖ

ಹದಡಿ
12 ಫೆಬ್ರವರಿ 2024

ಮಗಳು ರಶ್ಮಿಗೆ, ಅಪ್ಪ ಗುತ್ತೆಪ್ಪನ ಆಶೀರ್ವಾದ.

ಹರಿಹರದಲ್ಲಿ ನಿನ್ನ ಸೋದರತ್ತೆ ಸರ್ವಮಂಗಳಳ ಮನೆಯಲ್ಲಿ ಊಟ ಸೇರುತ್ತಿದೆಯೆಂದು ಕೇಳಿ ಸಮಾಧಾನವಾಯಿತು. ಬರೆಯಲು ಮೂರು ತಿಂಗಳು ತಡ ಮಾಡಿದೆ, ಕೈ ಏಳಲಿಲ್ಲ. ನೀನು ಫೋನ್ ಎತ್ತುವುದಿಲ್ಲ, ಅದೂ ಸರಿಯೇ. ನಿನ್ನ ಎಡಗಿವಿ ಇನ್ನು ಕೇಳುವುದಿಲ್ಲವೆಂದು ಡಾಕ್ಟರು ಹೇಳಿದ್ದನ್ನು ಅತ್ತೆ ತಿಳಿಸಿದಳು.

ವಿದ್ಯಾನಗರದ ಕಾಲೇಜಿನಿಂದ ನೀನು ಆ ಹಳೆಯ ನೆಯ್ಗೆಯ ಫೋಟೋ ತಂದ ದಿನ ನೆನಪಾಗುತ್ತದೆ. ಈಜಿಪ್ಟಿನದು, ಅಲ್ಲಿ ಬೈಜಾಂಟೀನ್ ದೊರೆಗಳು ಆಳುತ್ತಿದ್ದ ಕಾಲದ್ದು, ಸಾವಿರದೈನೂರು ವರ್ಷ ಹಳೆಯದು ಅಂದೆ. "ಅಪ್ಪಾ, ಇದೂ ನಮ್ ಕಂಬಳಿಯಂಗೆ ಉಣ್ಣೇದು. ಸತ್ತೋರಿಗೆ ಹಾಕಿ ಹೂಳಿದ ಅಂಗಿ ಮ್ಯಾಲೆ ನೇಯ್ದಾರೆ ನೋಡು." ದುಂಡನೆಯ ಚೌಕಟ್ಟಿನೊಳಗೆ ಕುದುರೆ ಏರಿದ ಬೇಟೆಗಾರ, ಅಗಲವಾದ ಕಣ್ಣು, ಈಟಿ ಸಿಂಹದ ಗಂಟಲಲ್ಲಿ. ಕಂಬಳಿಯ ಮೇಲೆ ಮನುಷ್ಯರ ಚಿತ್ರ ನೇಯುವ ವಾಡಿಕೆಯೇ ಇಲ್ಲ ಅಂದ ಊರವರಿಗೆ, "ನೇಯ್ಲಿ ಬಿಡ್ರಿ, ಓದಿದ ಹುಡುಗಿ" ಅಂದು ನಾನೇ ಮಗ್ಗ ಬಿಟ್ಟುಕೊಟ್ಟೆ.

ಎಂಟನೆಯ ದಿನ ಬಂದು ನೋಡಿದೆ. ನಿನ್ನ ನೆಯ್ಗೆಯಲ್ಲಿ ಸಿಂಹ ಮೇಲಿತ್ತು. ಬೇಟೆಗಾರ ಹೊಟ್ಟೆ ಬಗೆಸಿಕೊಂಡು ಬಿದ್ದಿದ್ದ. ಅವನಿಗೆ ನಿನ್ನ ಅಣ್ಣ ಹರೀಶನ ಮುಖ, ಹುಬ್ಬಿನ ಗಾಯದ ಗುರುತಿನ ಸಮೇತ. ಹೊಲದ ಬದುವಿನ ಜಗಳದಲ್ಲಿ ಪಕ್ಕದ ಹೊಲದವರು ಅವನನ್ನು ಕೊಚ್ಚಿ ಹಾಕಿ ಅಂದಿಗೆ ಎರಡು ವರ್ಷ.

"ಬಿಚ್ಚು" ಅಂದೆ.

"ಬಿಚ್ಚಲ್ಲ. ಅಣ್ಣ ಹೆಂಗೆ ಸತ್ತ ಅಂತ ಈ ಮನ್ಯಾಗೆ ಯಾರೂ ಬಾಯಿ ಬಿಡಲ್ಲ. ಯಾಕಪ್ಪಾ?"

ನೂಲು ಬಡಿಯುವ ಮರದ ಹಲಗೆ ಕೈಗೆ ಸಿಕ್ಕಿತು. ಮೊದಲ ಏಟಿಗೇ ನೀನು ಬಿದ್ದೆ. ಬಿದ್ದ ಮೇಲೂ ಹೊಡೆದೆ. ಕುಡುಗೋಲು ತಂದು ನೆಯ್ಗೆಯನ್ನು ಸೀಳಿದೆ, ಆ ಮುಖವನ್ನೇ ಮತ್ತೆ ಮತ್ತೆ. ನಿನ್ನ ಅವ್ವ ಅಡ್ಡ ಬಂದು ಕುಡುಗೋಲಿನ ಅಲಗನ್ನೇ ಹಿಡಿದಳು. ಅವಳ ಅಂಗೈ ಎಲುಬಿನವರೆಗೆ ಕತ್ತರಿಸಿಹೋಯಿತು.

ಈಗ ಅವಳ ಕೈಗಾಯ ಮಾಯ್ದಿದೆ. ಎರಡು ಬೆರಳು ಮಡಿಯುವುದಿಲ್ಲ. ನನ್ನ ಮುಂದೆ ತಟ್ಟೆ ಇಟ್ಟು ಒಳಗೆ ಹೋಗುತ್ತಾಳೆ. ಮಗ್ಗದ ಮೇಲೆ ಬಿದ್ದೆನೆಂದು ನೀನು ಆಸ್ಪತ್ರೆಯಲ್ಲಿ ಬರೆಸಿದ್ದೀಯಂತೆ. ಅದನ್ನು ಬದಲಿಸು. ಪೊಲೀಸರು ಕೇಳಿದರೆ ಹೌದು, ನಾನೇ ಹೊಡೆದೆ ಅನ್ನುತ್ತೇನೆ.

ಓದು ಬಿಡಬೇಡ. ನೂರು ಕಾಲ ಬಾಳು ತಾಯಿ.

ನಿನ್ನ ಅಪ್ಪ,
ಗುತ್ತೆಪ್ಪ

ಮರೆತ ಮಾತು: ಮರೆತಿದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಹರೀಶ ಅಂದು ಬದುವಿಗೆ ತಾನಾಗಿ ಹೋಗಲಿಲ್ಲ. "ಬ್ಯಾಡಪ್ಪಾ, ಕೂತು ಮಾತಾಡಾನ" ಅಂದ. ಹೇಡಿ ಅಂದು ಅವನ ಕೆನ್ನೆಗೆ ಹೊಡೆದು ಕಳಿಸಿದೆ. ನೀನು ಮುಂದೆ ನಡಿ, ನಾನು ಹಿಂದೆಯೇ ಬರುತ್ತೇನೆ ಅಂದಿದ್ದೆ. ಹೋಗಲಿಲ್ಲ.