ಜೋಮು ಬಿಟ್ಟ ಕೈ

ಚಿಕ್ಕೋಡಿ
೨೬ ಜೂನ್ ೨೦೨೫, ಗುರುವಾರ

ಪ್ರೀತಿಯ ಬ್ರಾಹ್ಮಿ,

ಮಿರಜದಲ್ಲಿ ಮಳೆ ಹಿಡಿದಿದೆ ಎಂದು ಕೇಳಿದೆ. ನಿನ್ನ ಖೋಲಿಯ ಕಿಟಕಿ ಸೋರುತ್ತಿತ್ತಲ್ಲ, ಸರಿಮಾಡಿಸಿದರೇ? ಹಾಸಿಗೆಯನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದುಕೋ.

ನೀನು ಎರಡು ಪತ್ರ ಬರೆದೆ, ನಾನು ಒಂದಕ್ಕೂ ಉತ್ತರಿಸಲಿಲ್ಲ. ಕಾಲೇಜಿನ ಉತ್ತರಪತ್ರಿಕೆ ತಿದ್ದುವುದಿತ್ತು ಎಂದು ಬರೆದರೆ ಅದು ಅರ್ಧ ನಿಜ. ಹೋದ ಸಲ ನೀನು ಹೇಳಿದ್ದೆ: ‘ಅವ್ವಾ, ಫೋನಿನ್ಯಾಗ ನೀ ಬರೇ ಊಟ ಆತೇನು ಅಂತೀ. ಪತ್ರ ಬರಿ, ಪತ್ರದಾಗ ನೀ ಪೂರಾ ಸಿಗ್ತೀ.’ ಆ ಮಾತಿಗೇ ಹೆದರಿ ಇಷ್ಟು ದಿನ ಕಾಗದ ಮುಟ್ಟಲಿಲ್ಲ. ಕ್ಷಮಿಸು.

ಮೊದಲು, ಫಿಜಿಯೋಥೆರಪಿ ಕಲಿಯುವ ನಿನ್ನ ಮೊದಲ ರೋಗಿಯ ಸುದ್ದಿ. ನಿನ್ನಪ್ಪನ ಕೈ ಜೋಮು ಬಿಟ್ಟಿದೆ. ಪೂರ್ತಿ.

ಏಪ್ರಿಲ್‌ನಲ್ಲಿ ನೀನು ಬಂದಾಗ ಅವರು ಗಾಡಿ ಓಡಿಸುವುದನ್ನು ಮೊಬೈಲಿನಲ್ಲಿ ಹಿಡಿದು, ‘ಅಪ್ಪಾ, ನೀ ಗಾಡಿ ಹೊಡ್ಯಾಕತ್ತಿಲ್ಲ, ಗರಡಿಮನ್ಯಾಗ ದಂಡ ಹೊಡ್ಯಾಕತ್ತೀ’ ಎಂದು ನಕ್ಕಿದ್ದೆಯಲ್ಲ, ಆ ನಗುವಿನಿಂದಲೇ ಗುಣ ಶುರುವಾಯಿತು ಅನಿಸುತ್ತದೆ. ಇಪ್ಪತ್ತು ವರ್ಷದಿಂದ ಅವರು ತೂಕದ ಕಲ್ಲಿನ ಪೆಟ್ಟಿಗೆಯನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕಟ್ಟಿಕೊಂಡೇ ಊರೂರು ತಿರುಗಿ ಅಂಗಡಿಗಳ ತಕ್ಕಡಿ ರಿಪೇರಿ ಮಾಡಿದವರು. ಪೆಟ್ಟಿಗೆಗೆ ಜಾಗ ಬೇಕೆಂದು ಹಿಂದೆ ಸರಿದು ಕೂರುವುದು, ಹಿಂದೆ ಸರಿದದ್ದಕ್ಕೆ ತೋಳು ಚಾಚಿ ಮೊಣಕೈ ಸೆಟೆಸುವುದು, ಮೈಭಾರವೆಲ್ಲ ಅಂಗೈ ಮೇಲೆ. ನಾವಿಬ್ಬರೂ ದಿನಾ ನೋಡಿದ್ದೇ. ನೋಡಿ ಅರ್ಥಮಾಡಿಕೊಂಡವಳು ನೀನು.

ನೀನು ಹೋದ ಮರುದಿನ ಜ್ಞಾನದೇವನ ಗ್ಯಾರೇಜಿಗೆ ನಾನೂ ಹೋಗಿದ್ದೆ. ಅವನು ಪೆಟ್ಟಿಗೆಯನ್ನು ಹಿಂದಿನ ಕ್ಯಾರಿಯರಿಗೆ ಸಾಗಿಸಿದ, ಹ್ಯಾಂಡಲನ್ನು ಎರಡು ಬೆರಳು ಎತ್ತರಿಸಿ ಈಚೆ ತಿರುಗಿಸಿದ, ಬಿಗಿಯಾಗಿದ್ದ ಕ್ಲಚ್ ವಾಯರ್ ಬದಲಿಸಿದ. ಹ್ಯಾಂಡಲಿನ ಹಿಡಿಯ ರಬ್ಬರ್ ಕಲ್ಲಿನಂತಾಗಿತ್ತು, ಮೆತ್ತನೆಯದು ಹಾಕಿದ. ಆಮೇಲೆ ನಿನ್ನಪ್ಪನನ್ನು ಕೂಡಿಸಿ ಹೇಳಿದ: ‘ಮಹಾವೀರಣ್ಣಾ, ನೀವು ಹ್ಯಾಂಡಲ್ ಹಿಡ್ಯೂದಿಲ್ಲರೀ, ಹೋರಿ ಮೂಗದಾಣ ಹಿಡದಂಗ ಹಿಡೀತೀರಿ. ಅದೇನ ಓಡಿ ಹೋಗ್ತೈತೇನ್ರಿ? ಹಕ್ಕಿಮರಿ ಹಿಡದಂಗ ಹಿಡೀರಿ.’ ನಿನ್ನಪ್ಪ ಗಂಭೀರವಾಗಿ, ‘ಹಕ್ಕಿಮರಿ ನಾ ಎಂದೂ ಹಿಡದಿಲ್ಲಪಾ’ ಅಂದರು. ನಾವು ಜೈನರು ಎಂದು ನೆನಪಾಗಿ ಅವನೇ ನಾಲಿಗೆ ಕಚ್ಚಿಕೊಂಡ.

ನೀನು ಹೇಳಿದಂತೆ ಅರ್ಧ ತಾಸಿಗೊಮ್ಮೆ ನಿಲ್ಲುತ್ತಾರೆ. ಅಂಕಲಿ ದಾಟಿ ಒಮ್ಮೆ, ರಾಯಬಾಗದಲ್ಲಿ ಒಮ್ಮೆ. ಇಳಿದು ಬೆರಳು ಬಿಚ್ಚಿ ಮುಚ್ಚಿ, ಮಣಿಕಟ್ಟು ತಿರುಗಿಸುತ್ತಾರೆ. ಉಗಾರ ಬುದ್ರುಕದ ಹಾದಿಯಲ್ಲಿ ಕಬ್ಬಿಗೆ ಕಳೆ ತೆಗೆಯುವ ಸುಂದರಾ ಎಂಬಾಕೆ ದಿನಾ ನೋಡಿ ನೋಡಿ ಕೇಳಿದಳಂತೆ, ‘ಏನ್ರಿ ಮಾವಾರ, ಯಾರಿಗಿ ಟಾಟಾ ಮಾಡಾಕತ್ತೀರಿ?’ ಇವರು, ‘ನನ್ನ ಕೈಗೇ ಯವ್ವಾ. ಎಲ್ಲೋ ಹೋಗಿದ್ವು, ತಿರಗಿ ಬಂದಾವ’ ಅಂದರಂತೆ. ಮನೆಗೆ ಬಂದು ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು ನೀನು. ನೀನು ಕಳಿಸಿದ ಮೆತ್ತೆಯ ಕೈಗವಸನ್ನು ಮೊದಲು ಕಪಾಟಿನಲ್ಲಿಟ್ಟಿದ್ದರು, ಈಗ ಹಾಕಿಕೊಳ್ಳುತ್ತಾರೆ. ನಿನ್ನೆ ಕಣ್ಣು ಮುಚ್ಚಿಕೊಂಡು ಐದು ಗ್ರಾಮಿನ ಕಲ್ಲು ಯಾವುದು, ಹತ್ತರದು ಯಾವುದು ಎಂದು ಬೆರಳಿನಿಂದಲೇ ಹೇಳಿದರು.

ಇಲ್ಲಿಗೆ ಸುದ್ದಿ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು.

ಬರುವ ವಾರ ಮುನಿಸಂಘ ನಮ್ಮ ಬಸದಿಗೆ ಬರಲಿದೆ, ಚಾತುರ್ಮಾಸದ ನಾಲ್ಕು ತಿಂಗಳು ಇಲ್ಲಿಯೇ. ಭಾನುವಾರ ಅಣ್ಣಾಸಾಬ ಕಾಕಾ, ಬಸದಿಯ ಹಿರಿಯರು, ಯಾರ ಯಾರ ಮನೆಯಲ್ಲಿ ಮುನಿಗಳಿಗೆ ಆಹಾರ ಕೊಡುವ ಚೌಕ ಹಾಕುತ್ತಾರೆಂದು ಕೇಳುತ್ತ ಬಂದಿದ್ದರು. ನಿನ್ನಪ್ಪ ಚಹದ ಕಪ್ಪು ಕೆಳಗಿಟ್ಟು, ‘ನನ್ನ ಹೆಸರು ಬ್ಯಾಡ್ರಿ ಕಾಕಾ’ ಅಂದರು.

‘ಯಾಕಲೇ? ಕೈ ನೆಟ್ಟಗಾಗ್ಯಾವಂತಲ್ಲ?’

‘ಗಾಡಿಗಿ ಸಾಕಾಗ್ಯಾವರಿ. ಮುನಿ ಮಹಾರಾಜರಿಗಿ ಸಾಲೂದಿಲ್ಲ.’

ಕಾಕಾ ನನ್ನ ಕಡೆ ನೋಡಿದರು. ನಾನು ಖಾಲಿ ಕಪ್ಪು ಎತ್ತಿಕೊಂಡು ಒಳಗೆ ಹೋದೆ.

ಹೋದ ವರ್ಷದ ಮೇ ತಿಂಗಳಲ್ಲಿ ನೀನು ಪರೀಕ್ಷೆಗೆಂದು ಮಿರಜದಲ್ಲೇ ಇದ್ದೆ. ನಿನಗೆ ಗೊತ್ತಿರುವುದು ಊರು ಹೇಳಿದ್ದು. ಊರಿಂದೂರಿಗೆ ಕಾಲ್ನಡಿಗೆಯ ವಿಹಾರದಲ್ಲಿದ್ದ ಮುನಿಗಳೊಬ್ಬರು ಎರಡು ದಿನ ಇಲ್ಲಿ ತಂಗಿದ್ದರು. ಹಿಂದಿನ ದಿನ ಅವರಿಗೆ ಉಪವಾಸ. ಮರುದಿನ ನಮ್ಮ ಬಾಗಿಲಲ್ಲಿ ನಿಂತರು. ಮೂವತ್ತೊಂಬತ್ತು ಡಿಗ್ರಿಯ ಬಿಸಿಲು. ನಿನ್ನಪ್ಪ ಬೆಳಿಗ್ಗೆ ಗಾಡಿಯ ಮೇಲೆ ಎರಡು ಸಲ ಹೋಗಿ ಹೊಲದ ಬಾವಿಯಿಂದ ನೀರು ತಂದಿದ್ದರು. ಅದನ್ನು ಸೋಸಿ ಕಾಯಿಸಿದ್ದೆ. ಮುನಿಗಳು ನಿಂತು ಅಂಗೈ ಜೋಡಿಸಿದರು. ಮೊದಲ ಗುಟುಕು ನೀರು. ನಮ್ಮ ಮನೆಯಲ್ಲಿ ಗಂಡ ಹೆಂಡತಿ ಕೂಡಿಯೇ ತಂಬಿಗೆ ಹಿಡಿಯುವುದು ನಿನ್ನ ಅಜ್ಜಿಯ ಕಾಲದಿಂದ ಬಂದ ರೂಢಿ: ನಿನ್ನಪ್ಪನ ಕೈ ತಂಬಿಗೆಯ ಕಂಠಕ್ಕೆ, ನನ್ನ ಕೈ ತಳಕ್ಕೆ. ಒಂದು ಬೊಗಸೆ ತುಂಬುವ ಮೊದಲೇ ತಂಬಿಗೆ ಜಾರಿ ನೆಲಕ್ಕೆ ಬಿತ್ತು.

ಕೊಡುವವರ ಕೈಯಿಂದ ಪಾತ್ರೆ ಬಿದ್ದರೆ ಅಂತರಾಯ. ದಿನಕ್ಕೆ ಒಂದೇ ಹೊತ್ತಿನ ಆಹಾರ, ಅದೂ ಅಲ್ಲಿಗೇ ಮುಗಿಯಿತು. ಮುನಿಗಳು ಜೋಡಿಸಿದ ಕೈ ಬಿಟ್ಟರು, ನವಿಲುಗರಿಯ ಪಿಂಛಿ ಎತ್ತಿಕೊಂಡು ಅಂಗಳ ದಾಟಿ ಹೋದರು. ಸುಟ್ಟ ನೆಲದ ಮೇಲೆ ಅವರ ಬರಿಗಾಲು ನನಗೆ ಇನ್ನೂ ಕಾಣಿಸುತ್ತದೆ. ಕೂಡಿದ ಜನ ನಮ್ಮನ್ನೇ ನೋಡುತ್ತಿದ್ದರು. ನಿನ್ನಪ್ಪ ತಮ್ಮ ಎರಡೂ ಅಂಗೈ ಬಿಚ್ಚಿ ಎಲ್ಲರಿಗೂ ತೋರಿಸಿ, ‘ನನ್ನ ಕೈರೀ, ನನ್ನ ಕೈ. ಜೋಮ ಹಿಡದಿದ್ವು’ ಅಂದರು. ಅಣ್ಣಾಸಾಬ ಕಾಕಾ ಬಿರುಸಾಗಿ, ‘ಮಹಾವೀರಾ, ಗಾಡಿ ಬಿಡು, ಇಲ್ಲಾ ತಂಬಗಿ ಬಿಡು’ ಎಂದರು. ಗಾಡಿ ಬಿಟ್ಟರೆ ಮನೆ ನಡೆಯುವುದಿಲ್ಲ. ತಂಬಿಗೆ ಬಿಟ್ಟರು. ಆಮೇಲೆ ಯಾವ ಮುನಿಗಳು ಬಂದರೂ ಬಾಗಿಲಲ್ಲಿ ಕಲಶ ಹಿಡಿದು ನಿಲ್ಲಲಿಲ್ಲ. ಪಾತ್ರೆ ತೊಳೆದು ಕೊಡುತ್ತಾರೆ, ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಲ್ಲುತ್ತಾರೆ.

ನಿನಗೆ ಹೇಳಬೇಕೆಂದದ್ದು ಇನ್ನೊಂದಿದೆ. ದಿನಾ ಸಂಜೆ ಗಾಡಿ ನಿಲ್ಲಿಸಿ, ಕಾಲು ತೊಳೆದು, ಅವರು ಅದೇ ತಂಬಿಗೆ ತುಂಬಿಕೊಂಡು ಹಿತ್ತಲಿಗೆ ಹೋಗುತ್ತಾರೆ. ಕರಿಬೇವಿನ ಗಿಡದ ಬುಡಕ್ಕೆ ನೀರು ಹನಿಸುತ್ತಾರೆ. ಹನಿಸುವುದೂ ಅಲ್ಲ, ನೂಲಿನಷ್ಟು ಸಣ್ಣ ಧಾರೆ, ಎಲ್ಲೂ ತುಂಡಾಗದಂತೆ, ತಂಬಿಗೆ ಬರಿದಾಗುವ ತನಕ. ಮೊದಮೊದಲು ಕೈ ನಡುಗಿ ಧಾರೆ ಕಡಿಯುತ್ತಿತ್ತು. ಆಗ ಮತ್ತೆ ತುಂಬಿಕೊಂಡು ಬರುತ್ತಿದ್ದರು. ಈಗ ಕಡಿಯುವುದಿಲ್ಲ. ಮಳೆ ಬಿದ್ದ ದಿನವೂ ನೀರು ಹಾಕುತ್ತಾರೆ. ‘ಗಿಡಾ ಕೊಳೀತೈತ್ರಿ’ ಎಂದೆ ಒಮ್ಮೆ. ‘ಕೊಳೀಲಿ ಬಿಡು’ ಅಂದರು.

ಅಡುಗೆಮನೆಯ ಕಿಟಕಿಯಿಂದ ಇದನ್ನು ಒಂದು ವರ್ಷ ನೋಡಿದ್ದೇನೆ. ಕವಿತೆ ಓದುವವಳು ನಾನು. ಒಂದು ಸಾಲಿನಲ್ಲಿ ಯಾವ ಮಾತು ಹೇಳದೆ ಉಳಿಯಿತು ಎಂದು ಮಕ್ಕಳಿಗೆ ಪಾಠ ಹೇಳುವವಳು. ನನ್ನ ಕಿಟಕಿಯಾಚೆ ನಡೆಯುತ್ತಿದ್ದುದಕ್ಕೆ ನನ್ನ ಬಾಯಿಂದ ಒಂದು ಮಾತು ಬರಲಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಸಂಜೆ ಏಳಾದರೂ ಹೊರಗೇ ಇರುತ್ತೀ ಎಂದು ಕೇಳಿದೆ; ಕತ್ತಲಾಗುವ ಮೊದಲು ಉಣ್ಣುವ ರೂಢಿ ಬಿಡಬೇಡ, ಬಿಟ್ಟರೂ ನನಗೆ ಸುಳ್ಳು ಹೇಳಬೇಡ. ನಿನ್ನ ಕೈ ಮುಟ್ಟಿದ ನೋವೆಲ್ಲ ಇಳಿಯಲಿ. ನಿನ್ನಪ್ಪನ ಬೆರಳಿಗೆ ಮರಳಿದ ಸ್ಪರ್ಶದಷ್ಟು ಒಳ್ಳೆಯದು ನಿನ್ನ ಬಾಳಿನಲ್ಲಿ ಆಗಲಿ. ಜೈ ಜಿನೇಂದ್ರ.

ನಿನ್ನ ಅವ್ವ,
ರಾಜಮತಿ

ಮರೆತು ಬಿಟ್ಟದ್ದಲ್ಲ, ಬೇಕೆಂದೇ ಕೊನೆಗೆ ಉಳಿಸಿದ್ದು:

ತಂಬಿಗೆ ಬಿದ್ದ ಆ ದಿನ ಸಂಜೆ ಅಥಣಿಯಲ್ಲಿ ಕವಿಗೋಷ್ಠಿ ಇತ್ತು. ನನ್ನದೇ ಕವಿತೆ ಓದಲು ಮೊದಲ ಸಲ ನನ್ನನ್ನು ಕರೆದಿದ್ದರು. ಮುನಿಗಳು ಬರುವ ಸ್ವಲ್ಪ ಮೊದಲು ನಿನ್ನಪ್ಪ ಸಹಜವಾಗಿ ಅಂದರು, ‘ಅಥಣಿಯವರಿಗಿ ಫೋನ್ ಮಾಡಿ ನೀ ಬರೂದಿಲ್ಲಂತ ಹೇಳೇನಿ. ಮನ್ಯಾಗ ಚೌಕ ಇದ್ದಾಗ ಹೆಂಗ ಹೋಗ್ತೀ?’ ನನ್ನನ್ನು ಕೇಳಿರಲಿಲ್ಲ. ಅದೇ ಉಸಿರಿನಲ್ಲಿ, ‘ಬ್ರಾಹ್ಮಿಯ ಅವ್ವಾ, ನನ್ನ ಕೈಯಾಗ ಜೀವಾನ ಇಲ್ಲ ಇವತ್ತ. ತಳಾ ನೀ ಗಟ್ಟಿ ಹಿಡಿ’ ಅಂದರು. ಹೂಂ ಅಂದೆ.

ಬಾಗಿಲಲ್ಲಿ ನಿಂತು ಮುನಿಗಳಿಗೆ ‘ಮನಃಶುದ್ಧಿ, ವಚನಶುದ್ಧಿ, ಕಾಯಶುದ್ಧಿ’ ಎಂದು ಗಟ್ಟಿಯಾಗಿ ಹೇಳಿದವಳೂ ನಾನೇ. ಮನಸ್ಸು ಕುದಿಯುತ್ತಿತ್ತು. ತಂಬಿಗೆ ಬಾಗಿಸುವಾಗ ಅವರ ಬೆರಳು ನನ್ನ ಬೆರಳಿಗೆ ತಾಗಿತು. ನಾವು ಸಿಟ್ಟಿನಲ್ಲಿದ್ದಾಗ ಯಾರಾದರೂ ಮುಟ್ಟಿದರೆ ಹೇಗೆ ಸರಿಯುತ್ತೇವೋ ಹಾಗೆ ಕೈ ಹಿಂದಕ್ಕೆ ಎಳೆದುಕೊಂಡೆ. ಅಷ್ಟೇ, ಬ್ರಾಹ್ಮಿ. ತಂಬಿಗೆ ಬಿಟ್ಟದ್ದು ನಾನು. ಜೋಮು ಹಿಡಿದ ಕೈಗೆ ಸಾಕ್ಷಿ ಹೇಳಲು ಬರಲಿಲ್ಲ, ಆದ್ದರಿಂದ ತಪ್ಪು ತಮ್ಮದೇ ಎಂದು ಅವರು ನಂಬಿದರು. ಕ್ಷಮಾವಣಿಯ ದಿನ ಎಲ್ಲರಂತೆ ಅವರಿಗೂ ಕೈಮುಗಿದು ಕ್ಷಮೆ ಕೇಳಿದೆ. ಯಾತಕ್ಕೆ ಎಂದು ಹೇಳಲಿಲ್ಲ.

ಮುನಿಗಳ ಎದುರು ಒಪ್ಪಿಕೊಂಡರೆ ಪ್ರಾಯಶ್ಚಿತ್ತ ಕೊಡುತ್ತಾರೆ. ಆದರೆ ಮೊದಲು ಒಪ್ಪಿಕೊಳ್ಳಬೇಕಾದದ್ದು ಅವರ ಎದುರಲ್ಲ. ನಾಳೆ ನಿನ್ನಪ್ಪ ರಾಯಬಾಗಕ್ಕೆ ಹೋಗುವಾಗ ಈ ಪತ್ರವನ್ನು ಅಂಚೆಗೆ ಹಾಕಲು ಅವರ ಕೈಗೇ ಕೊಡುತ್ತೇನೆ, ಓದಿ ಹಾಕಿರಿ ಎಂದು ಹೇಳಿ. ಲಕೋಟೆಯನ್ನು ನಾನು ಅಂಟಿಸುವುದಿಲ್ಲ. ನಿನ್ನ ಕೈಗೆ ಇದು ಸಿಕ್ಕರೆ, ಅಂಟಿಸಿದವರು ಅವರು ಎಂದು ತಿಳಿ.